ತೆಳುಗಾಳಿಯಲ್ಲಿ ಏಳುವ ಹಲಗೆ

ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಗಾಳಿ ತೆಳು. ಒಂದು ಚಲನೆ ಮುಂದಿನದನ್ನು ಹುಟ್ಟಿಸುತ್ತ ಸಾಗುವ, ವಿಜ್ಞಾನ ಸ್ಪರ್ಧೆಯ ಸರಪಳಿ ಯಂತ್ರಕ್ಕೆ ಅಲ್ಲಿ ಬಲೂನನ್ನು ನೆಚ್ಚಬಾರದೆಂಬ ಆಕ್ಷೇಪ ಹೀಲಿಯಂ ಬಲೂನಿನ ಮಟ್ಟಿಗೆ ಸರಿ. ಕರಾವಳಿಯಲ್ಲಿ ಲೀಟರಿಗೆ 1 ಗ್ರಾಂ ಎತ್ತುವ ಅನಿಲ ಅಲ್ಲಿ 0.8 ಗ್ರಾಂ ಎತ್ತೀತು. ಆದರೆ ಅಡುಗೆ ಸೋಡಾದ ಬಲೂನಿಗೆ ಅದೇ ತೆಳುಗಾಳಿ ವರ. ಉರುಳಿಬಂದ ಗೋಲಿ ತಗಲಿ ಸೋಡಾ ವಿನಿಗರ್‌ಗೆ ಬೀಳುತ್ತದೆ. ಬುಸ್ಸೆಂದು ನೊರೆ, ಹುಳಿ ವಾಸನೆ, ಸುಕ್ಕುಗಟ್ಟಿದ್ದ ರಬ್ಬರು ಬಿಗಿದು ಹೊಳೆಯುತ್ತ ಮೇಲಿನ ಹಲಗೆಯನ್ನು ತುಸುತುಸುವೇ ಎತ್ತುತ್ತದೆ. ಲೆಕ್ಕದ ಪ್ರಕಾರ 8 ಗ್ರಾಂ ಸೋಡಾ ಕರಾವಳಿಯಲ್ಲಿ ಹೆಚ್ಚುಕಡಿಮೆ 2.4 ಲೀಟರ್ ಅನಿಲ ಕೊಟ್ಟರೆ ಊಟಿಯಲ್ಲಿ 3 ಲೀಟರ್. ಚಳಿಗೆ ಕ್ರಿಯೆ ನಿಧಾನವಾಗುವುದು ನಿಜ, ವಿನಿಗರ್ ಬೆಚ್ಚಗಿದ್ದರಾಯಿತು. ಮೆತ್ತನೆಯ ಬಲೂನು ಭಾರ ಹೊರದು ಎನ್ನುವವರು ಹರವನ್ನು ಮರೆಯುತ್ತಾರೆ: ಒತ್ತಡ ಅಲ್ಪವಾದರೂ 100 ಚದರ ಸೆಂಟಿಮೀಟರಿನಷ್ಟು ತಾಗಿದರೆ ಒಂದೆರಡು ಕಿಲೋ ಮೇಲೇಳುತ್ತದೆ. ನಾನು ತಲೆದೂಗುವುದು ಮಾತ್ರ ಹಲಗೆಯಂಚಿನ ದಾರಕ್ಕೆ. ಬಲೂನು ಪಕ್ಕಕ್ಕೆ ಜಾರುವ ಮೊದಲೇ ಮುಂದಿನ ಕೀಲನ್ನು ಸೆಳೆಯುವಂತೆ ಅದರಲ್ಲಿ ಬಿಟ್ಟಿರುವ ಸಡಿಲದ ಅಂದಾಜಿಗೆ.