ಸ್ವಂತ ವಾಕ್ಯದ ಹದ

ಕನ್ನಡ ಪಾಠದ ಕೊನೆಯಲ್ಲಿ ಬರುವ ‘ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಪ್ರಶ್ನೆಯನ್ನು ಮಕ್ಕಳು ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ನನ್ನ ಕೇಳಿದರೆ, ಇಡೀ ಅಭ್ಯಾಸದಲ್ಲಿ ಅದಕ್ಕಿಂತ ಬೆಲೆಯುಳ್ಳ ಪ್ರಶ್ನೆ ಇನ್ನೊಂದಿಲ್ಲ. ಪದದ ಅರ್ಥ ಬಾಯಿಪಾಠಕ್ಕೆ ದಕ್ಕೀತು, ಬಳಕೆ ದಕ್ಕದು.

‘ಹದ’ ಎಂಬ ಪದವನ್ನೇ ನೋಡಿ. ‘ಹದ ಚೆನ್ನಾಗಿದೆ’ ಎಂದು ಬರೆದರೆ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಹದವನ್ನು ತೆಗೆದು ಊಟ, ಮನೆ, ಹಾಡು ಯಾವುದನ್ನಿಟ್ಟರೂ ಆ ವಾಕ್ಯ ನಡೆಯುತ್ತದೆ. ಬರೆದವರಿಗೆ ಪದ ಗೊತ್ತಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ.

ಈಗ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಕಡೆ ಬನ್ನಿ. ಮಳೆ ನಂಬಿ ಮೆಕ್ಕೆಜೋಳ ಬಿತ್ತುವ ಸೀಮೆ. ಅಲ್ಲಿನ ರೈತರ ಮನೆಯ ಹುಡುಗಿ ‘ಮಳೆ ಬಿಟ್ಟ ಮೇಲೆ ಹೊಲ ಹದಕ್ಕೆ ಬಂತು, ಅಪ್ಪ ಕೂರಿಗೆ ಹೂಡಿದ’ ಎಂದು ಬರೆಯಬಲ್ಲಳು. ‘ಹದ’ವನ್ನು ಬೆರಳಿನಿಂದ ಮುಚ್ಚಿ ಓದಿ: ಆ ಜಾಗಕ್ಕೆ ಯಾವ ಪದ ಬೇಕೆಂದು ವಾಕ್ಯವೇ ಹೇಳುತ್ತದೆ. ಒಳ್ಳೆಯ ಉದಾಹರಣೆಗೆ ಇದೇ ಪರೀಕ್ಷೆ. ಹದ ಯಾವುದರ ಜೊತೆ ಹೊಂದುತ್ತದೆ ಎಂಬುದೂ ಅವಳಿಗೆ ಗೊತ್ತು. ಹೊಲ ಹದಕ್ಕೆ ಬರುತ್ತದೆ, ಬೆಲ್ಲದ ಪಾಕ ಹದ ತಪ್ಪುತ್ತದೆ, ಚರ್ಮವನ್ನು ಹದ ಮಾಡುತ್ತಾರೆ.

ನುಡಿಗಟ್ಟಿಗಂತೂ ಇನ್ನೂ ಎಚ್ಚರ ಬೇಕು. ‘ಅವನು ಗೆಳೆಯನಿಗೆ ಕೈ ಕೊಟ್ಟನು’ ಎಂದರೆ ಎದ್ದೇಳಲು ಆಸರೆಯಾದನೋ, ನಡುನೀರಿನಲ್ಲಿ ಬಿಟ್ಟು ಹೋದನೋ? ‘ಮುಂಗಾರು ಕೈಕೊಟ್ಟಿತು, ಮೊಳಕೆಯಲ್ಲೇ ಬೆಳೆ ಬಾಡಿತು’ ಎಂದಾಗ ಅನುಮಾನಕ್ಕೆ ಎಡೆಯಿಲ್ಲ.

ಪದವನ್ನು ಬಳಕೆಯಿಂದಲೇ ತೋರಿಸಬೇಕೆಂಬುದು ಶಾಲೆಯ ಗೋಡೆಯೊಳಗೆ ಹುಟ್ಟಿದ ಕಟ್ಟಳೆಯಲ್ಲ. 13ನೇ ಶತಮಾನದ ವೈಯಾಕರಣ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಹೇಳಿ ಸುಮ್ಮನಾಗಲಿಲ್ಲ. ಹಿಂದಿನ ಕವಿಗಳ ಪ್ರಯೋಗಗಳನ್ನು ಎತ್ತಿ ತೋರಿಸಿದ. 1894ರಲ್ಲಿ ಹೊರಬಂದ ಕಿಟೆಲ್ ಅವರ ನಿಘಂಟಿನಲ್ಲಿ ಗಾದೆಗಳಿಗೂ ಜಾಗ ಸಿಕ್ಕಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ, ಕಾವ್ಯಗಳಿಂದ ಪ್ರಯೋಗಗಳನ್ನು ಹೆಕ್ಕಿ ಕೊಟ್ಟಿದೆ. ಆ ಕೆಲಸದಲ್ಲಿ ಬಹುಕಾಲ ತೊಡಗಿದ್ದ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂಶಯಗಳನ್ನು ವರ್ಷಗಟ್ಟಲೆ ಬಿಡಿಸಿದರು. ಇವರೆಲ್ಲ ನಂಬಿದ್ದು ಒಂದೇ: ಪದಕ್ಕೆ ಸಾಕ್ಷಿ ಅದರ ಬಳಕೆ.

ಆದ್ದರಿಂದ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನ ಕೋರಿಕೆ ಇಷ್ಟು. ಗೈಡಿನಿಂದ ಇಳಿಸಿಕೊಂಡ ವಾಕ್ಯಕ್ಕೆ ಪೂರ್ತಿ ಅಂಕ ಹಾಕಬೇಡಿ. ಹೊಲ, ಸಂತೆ, ಅಡುಗೆಮನೆ, ಚಿಗಟೇರಿಯ ನಾರದಮುನಿಯ ತೇರು, ಹೀಗೆ ಮಗು ಕಣ್ಣಾರೆ ಕಂಡದ್ದು ವಾಕ್ಯದೊಳಗೆ ಬರಲಿ. ಹುಡುಗರು ಊರ ಮಾತಿನಲ್ಲಿ ಬರೆದರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಡಿ, ಪಕ್ಕದಲ್ಲಿ ಗ್ರಂಥಭಾಷೆಯ ರೂಪವನ್ನೂ ಬರೆದು ತೋರಿಸಿ. ದಿನಕ್ಕೆ ಹತ್ತು ಪದ ಬೇಡ, ಒಂದೇ ಸಾಕು. ಆ ಒಂದಕ್ಕೆ ಮೂರು ಸ್ವಂತ ವಾಕ್ಯ ಬರೆದ ಮಗು ಆ ಪದವನ್ನು ಎಂದೂ ಮರೆಯುವುದಿಲ್ಲ.