ತಪ್ಪು ಕರಗುವುದನ್ನು ನೋಡುವ ಸುಖ

ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲಿ ಬಿಸಿಲಿಗೆ ಬಿದ್ದ ಕಲ್ಲಿನ ಮೇಲ್ಮೈ ಮುಟ್ಟಲಾಗದು. ಆದರೆ ಅದೇ ಕಲ್ಲಿನ ಒಳಗೆ, ನಾಲ್ಕು ಬೆರಳು ಆಳದಲ್ಲಿ ಕಾವು ಎಷ್ಟಿದ್ದೀತು? ಕಾವು ಹರಿಯುವ ಬಗೆಯನ್ನು ಹೇಳುವ ಅವಕಲ ಸಮೀಕರಣವನ್ನು ಫ್ರಾನ್ಸಿನ ಫೂರಿಯೇ 1822ರ ತನ್ನ ಗ್ರಂಥದಲ್ಲೇ ವಿವರಿಸಿದ. ಬರೆದರೆ ಒಂದೇ ಸಾಲು. ಬಿಡಿಸಹೊರಟರೆ ಬಹಳಷ್ಟು ಸಲ ಸಿದ್ಧ ಸೂತ್ರ ಸಿಗುವುದಿಲ್ಲ. ಆಗ ಗಣಿತಜ್ಞರು ಒಂದು ಊಹೆಯಿಂದ ಹೊರಟು, ಅದನ್ನೇ ಮತ್ತೆ ಮತ್ತೆ ತಿದ್ದುತ್ತ ಉತ್ತರಕ್ಕೆ ಹತ್ತಿರವಾಗುತ್ತಾರೆ. ಈ ವಿದ್ಯೆಯನ್ನು ಸವಿಯಬೇಕೆನ್ನುವವರು ಉತ್ತರಕ್ಕಾಗಿ ಆತುರಪಡಬಾರದು. ಸುತ್ತಿನಿಂದ ಸುತ್ತಿಗೆ ತಪ್ಪು ಎಷ್ಟು ಕರಗಿತು ಎಂಬುದರಲ್ಲೇ ಇದರ ರುಚಿಯೆಲ್ಲ ಇದೆ.

ಕಾಗದ, ಪೆನ್ನು ಸಾಕು. ಕಲ್ಲಿನ ಅಡ್ಡಕೊಯ್ತವನ್ನು ಒಂದು ಚೌಕವೆಂದುಕೊಂಡು ಒಳಗೆ ನಾಲ್ಕು ಚುಕ್ಕೆ ಇಡಬೇಕು: ಮೇಲೆ ಎರಡು, ಕೆಳಗೆ ಎರಡು. ಮೇಲಂಚು 60 ಡಿಗ್ರಿ, ಉಳಿದ ಮೂರು ಅಂಚು 30. ಕಾವು ಹದಕ್ಕೆ ಬಂದು ನಿಂತಾಗ ಪ್ರತಿ ಚುಕ್ಕೆಯ ಬೆಲೆಯೂ ತನ್ನ ನಾಲ್ಕು ನೆರೆಯವರ ಸರಾಸರಿ. ನಿಯಮ ಇಷ್ಟೇ.

ಎಲ್ಲ ಚುಕ್ಕೆಗೂ 30 ಎಂದು ಊಹಿಸಿ ಶುರುಮಾಡಿದರೆ ಮೇಲಿನ ಎಡ ಚುಕ್ಕೆ ಮೊದಲ ಸುತ್ತಿಗೆ 37.5 ಆಗುತ್ತದೆ. ಆ ಹೊಸ ಬೆಲೆಯನ್ನೇ ಬಳಸಿ ಪಕ್ಕದ್ದು 39.375, ಹೀಗೇ ಕೆಳಗಿನೆರಡು. ಎರಡನೆಯ ಸುತ್ತಿಗೆ ಎಡ ಚುಕ್ಕೆ 40.3125, ಮೂರನೆಯದಕ್ಕೆ 41.0156. ನಿಜವಾದ ಉತ್ತರ 41.25. ಈಗ ತಪ್ಪುಗಳನ್ನು ಸಾಲಾಗಿ ಬರೆದು ನೋಡಬೇಕು: 3.75, 0.9375, 0.2344. ಪ್ರತಿ ಸಲ ಕಾಲುಭಾಗ! ಯಾರೂ ಹೇಳಿಕೊಡದೆ ಅಂಕಿಗಳು ತಾವಾಗಿಯೇ ಒಂದು ಲಯ ಹಿಡಿದಿವೆ.

ಇದು ಗೌಸ್-ಸೈಡೆಲ್ ವಿಧಾನ. ಹೊಸ ಬೆಲೆಯನ್ನು ಕೂಡಲೇ ಬಳಸದೆ ಸುತ್ತು ಮುಗಿಯುವವರೆಗೆ ಹಳೆಯದನ್ನೇ ಇಟ್ಟುಕೊಂಡರೆ ಅದು ಯಾಕೋಬಿ ವಿಧಾನ. ಅಲ್ಲಿ ತಪ್ಪು ಅರ್ಧರ್ಧವಾಗಿ ಮಾತ್ರ ಇಳಿಯುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಮಾಡಿ ನೋಡಿದವರಿಗೆ ಪಠ್ಯಪುಸ್ತಕದ ಹತ್ತು ಪುಟ ಹೇಳದ್ದು ಹೊಳೆಯುತ್ತದೆ. ಇಂಥ ಲೆಕ್ಕವನ್ನು ಅರೆನಿದ್ದೆಯಲ್ಲೂ ಮಾಡಬಹುದೆಂದು ಗೌಸ್ 1823ರಲ್ಲಿ ಶಿಷ್ಯ ಗೆರ್ಲಿಂಗ್‌ಗೆ ಬರೆದಿದ್ದ.

ತಿದ್ದಿ ತಿದ್ದಿ ಹತ್ತಿರವಾಗುವ ಈ ಜಾಣ್ಮೆ ನಮ್ಮಲ್ಲಿ ಇನ್ನೂ ಹಳೆಯದು. ಏಳನೆಯ ಶತಮಾನದ ಒಂದನೆಯ ಭಾಸ್ಕರ ಗ್ರಹಗಣಿತದಲ್ಲಿ ಎರಡು ಸುತ್ತಿನ ಬೆಲೆಗಳ ನಡುವೆ ವ್ಯತ್ಯಾಸವೇ ಕಾಣದಾಗುವವರೆಗೆ ಲೆಕ್ಕವನ್ನು ಮರಳಿ ಮಾಡಿಸುತ್ತಾನೆ. ಅದಕ್ಕೆ ಅವಿಶೇಷ ಕರ್ಮವೆಂದು ಹೆಸರು.

ಕಲ್ಲು ಬಿಟ್ಟು ನೀರಿಗೆ ಬಂದರೆ ಆಟ ಬಿಗಿಯಾಗುತ್ತದೆ. ಮಾನ್ವಿಯ ಹೊಲಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ. ಮೇಲೆ ಗೇಟು ಎತ್ತಿದರೆ ಕೊನೆಭಾಗಕ್ಕೆ ಯಾವಾಗ, ಎಷ್ಟು ನೀರು ತಲುಪೀತು ಎಂಬುದು ಅಲ್ಲಿನ ರೈತರಿಗೆ ಬೆಳೆಯ ಪ್ರಶ್ನೆ. ಇಂಥ ಹರಿವಿನ ಸಮೀಕರಣಗಳನ್ನು ಸೇಂಟ್ ವೆನಾಂಟ್ 1871ರಲ್ಲಿ ಕೊಟ್ಟ. ಇಲ್ಲಿ ಸರಾಸರಿಯ ಸರಳ ನಿಯಮ ನಡೆಯದು. ಕೆಳಗಿನ ಗೇಟಿನ ತಡೆ ಮೇಲಿನ ನೀರಿನ ಆಳವನ್ನೂ ಬದಲಿಸುತ್ತದೆ. ಕಾಲುವೆಯನ್ನು ತುಂಡುತುಂಡಾಗಿ ವಿಂಗಡಿಸಿ, ಎಲ್ಲ ತುಂಡುಗಳ ಆಳ ಮತ್ತು ಹರಿವನ್ನು ಒಟ್ಟಿಗೇ ಊಹಿಸಿ, ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ನ್ಯೂಟನ್ ವಿಧಾನದಿಂದ ತಿದ್ದುತ್ತಾರೆ. ಊಹೆ ಹತ್ತಿರದ್ದಾದರೆ ಸರಿಯಾದ ಅಂಕಿಗಳು ಪ್ರತಿ ಸುತ್ತಿಗೆ ಸುಮಾರು ಇಮ್ಮಡಿಯಾಗುತ್ತವೆ: ಎರಡು, ನಾಲ್ಕು, ಎಂಟು. ಊಹೆ ದೂರದ್ದಾದರೆ ಲೆಕ್ಕ ಎತ್ತೆತ್ತಲೋ ಓಡಿಹೋಗಬಹುದು. ಅದನ್ನೂ ಒಮ್ಮೆ ಕಣ್ಣಾರೆ ನೋಡಬೇಕು.

ಹೊಸಬರು ಹೆಚ್ಚಾಗಿ ಎಡವುವುದು ನಿಲ್ಲಿಸುವ ಹೊತ್ತಿನಲ್ಲಿ. ಎರಡು ಸುತ್ತುಗಳ ಅಂತರ ಸಣ್ಣದಾದರೆ ಉತ್ತರ ಬಂತೆಂದಲ್ಲ. ನಿಧಾನದ ವಿಧಾನ ಗುರಿಯಿಂದ ದೂರವಿದ್ದಾಗಲೂ ಸಣ್ಣ ಹೆಜ್ಜೆಯನ್ನೇ ಇಡುತ್ತದೆ. ಹೆಜ್ಜೆಗಿಂತ ಹೆಜ್ಜೆಗಳ ಅನುಪಾತವನ್ನು ಗಮನಿಸುವುದು ಮೇಲು.

ನಾಲ್ಕು ಚುಕ್ಕೆ ಕೈಗೆ ಹತ್ತಿದವರು ಅದೇ ಚೌಕದಲ್ಲಿ ಒಂಬತ್ತು ಚುಕ್ಕೆ ಇಟ್ಟು ನೋಡಲಿ. ಗೌಸ್-ಸೈಡೆಲ್‌ನಲ್ಲೂ ತಪ್ಪು ಈಗ ಸುತ್ತಿಗೆ ಅರ್ಧದಷ್ಟೇ ಇಳಿಯುತ್ತದೆ. ಚುಕ್ಕೆ ಹೆಚ್ಚಿದಷ್ಟೂ ನಡೆ ನಿಧಾನ. ಇದಕ್ಕೆ ಅಮೆರಿಕದ ಡೇವಿಡ್ ಯಂಗ್ 1950ರ ತನ್ನ ಪ್ರಬಂಧದಲ್ಲಿ ಮದ್ದು ತೋರಿಸಿದ: ಪ್ರತಿ ತಿದ್ದುಪಡಿಯನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಮಾಡುವುದು. ಒಂಬತ್ತು ಚುಕ್ಕೆಗೆ ಆ ಹೆಚ್ಚುವರಿ ಶೇಕಡಾ 17ರಷ್ಟು. ಅಷ್ಟು ಮಾಡಿದರೆ ಕೆಲವು ಸುತ್ತುಗಳ ಬಳಿಕ ತಪ್ಪು ಸುತ್ತಿಗೆ ಸುಮಾರು ಆರನೆಯ ಒಂದು ಪಾಲಿಗೆ ಇಳಿಯತೊಡಗುತ್ತದೆ.