ಹಿಟ್ಟಿನ ಕೋಳಿಯೂ ಕೂಗುತ್ತದೆ

ಎಂಟು ಹತ್ತು ಮಂದಿಯನ್ನು ಮನೆಗೆ ಊಟಕ್ಕೆ ಕರೆಯುವುದು. ಕರೆಯುವಾಗಲೇ ಒಬ್ಬೊಬ್ಬರಿಗೂ ಒಂದೊಂದು ಪಾತ್ರದ ಚೀಟಿ ಕಳಿಸುವುದು: ನೀವು ಜಮೀನ್ದಾರನ ತಮ್ಮ, ನಿಮಗೆ ಸಾಲವಿದೆ, ನೀವು ಊರಿನ ಡಾಕ್ಟರು, ನಿಮ್ಮಲ್ಲೊಂದು ಗುಟ್ಟಿದೆ. ಊಟದ ನಡುವೆ ದೀಪ ಆರಿಸಿ, ಕೊಲೆಯೊಂದು ನಡೆಯಿತೆಂದು ಸಾರುವುದು. ಪಾಯಸದ ಹೊತ್ತಿಗೆ ಎಲ್ಲರೂ ಒಬ್ಬರನ್ನೊಬ್ಬರು ಪ್ರಶ್ನಿಸಿ, ಸುಳಿವುಗಳನ್ನು ಜೋಡಿಸಿ, ಕೊಲೆಗಾರನ ಹೆಸರು ಹೇಳುವುದು. ಕೊನೆಗೆ ಮನೆಯ ಯಜಮಾನರು ಮುಚ್ಚಿದ ಲಕೋಟೆಯನ್ನು ಒಡೆದು ನಿಜವೇನೆಂದು ಓದುವುದು. ‘ಮರ್ಡರ್ ಮಿಸ್ಟರಿ ಡಿನ್ನರ್’ ಎಂಬ ಈ ಆಟವನ್ನು ಹೊತ್ತು ಕಳೆಯುವ ಮೋಜೆಂದು ತಳ್ಳಿಹಾಕಬಹುದು. ಆದರೆ ಇದಕ್ಕೊಬ್ಬ ಕರ್ತೃವಿದ್ದಾನೆ, ಕಥಾವಸ್ತುವಿದೆ, ಪಾತ್ರಗಳಿವೆ, ಕಟ್ಟುನಿಟ್ಟಾದ ಅಂತ್ಯವಿದೆ. ಓದುಗರೇ ಪಾತ್ರಧಾರಿಗಳಾಗುವ ಒಂದು ಸಾಹಿತ್ಯ ಪ್ರಕಾರವಿದು. ಹಾಗಾದರೆ ಪ್ರಕಾರಗಳಿಗೆ ಕೇಳುವ ಪ್ರಶ್ನೆಯನ್ನು ಇದಕ್ಕೂ ಕೇಳಬೇಕು: ಇದು ಯಾರ ಲೋಕವನ್ನು ಒಪ್ಪಿಕೊಂಡು ಹುಟ್ಟಿತು? ಆ ಲೋಕದಿಂದ ಎತ್ತಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆಯ ಒಂದು ಮನೆಯಲ್ಲಿಟ್ಟರೆ ಏನಾಗುತ್ತದೆ?

ಇದರ ತವರು ಎರಡು ಮಹಾಯುದ್ಧಗಳ ನಡುವಣ ಇಂಗ್ಲೆಂಡಿನ ಬಂಗಲೆ. ನಾಯೋ ಮಾರ್ಷ್ 1934ರಲ್ಲಿ ಬರೆದ ‘ಎ ಮ್ಯಾನ್ ಲೇ ಡೆಡ್’ ಕಾದಂಬರಿಯಲ್ಲಿ ವಾರಾಂತ್ಯಕ್ಕೆ ಸೇರಿದ ಅತಿಥಿಗಳು ಕೊಲೆಯಾಟ ಆಡುತ್ತಾರೆ, ಆಟದ ನಡುವೆ ನಿಜವಾದ ಹೆಣ ಬೀಳುತ್ತದೆ. 1949ರಲ್ಲಿ ‘ಕ್ಲೂಡೊ’ ಎಂಬ ಮಣೆಯಾಟ ಮಾರುಕಟ್ಟೆಗೆ ಬಂದು ಆ ಬಂಗಲೆಯ ಕೋಣೆಗಳನ್ನು ಮಕ್ಕಳ ಕೈಗೂ ಕೊಟ್ಟಿತು. 1985ರ ಸುಮಾರಿಗೆ ಅಮೆರಿಕದಲ್ಲಿ ‘ಹೌ ಟು ಹೋಸ್ಟ್ ಎ ಮರ್ಡರ್’ ಎಂಬ ಪೆಟ್ಟಿಗೆಗಳು ಬಂದವು. ಚೀಟಿ, ಸುಳಿವು, ಲಕೋಟೆ ಎಲ್ಲವೂ ಸಿದ್ಧವಾಗಿ ಸಿಗತೊಡಗಿದವು. ಇವತ್ತು ಅಂತರ್ಜಾಲದಿಂದ ಇಳಿಸಿಕೊಂಡು ಮುದ್ರಿಸಿಕೊಳ್ಳುವ ಆಟಗಳೆಲ್ಲ ಆ ಪೆಟ್ಟಿಗೆಯ ಮೊಮ್ಮಕ್ಕಳು.

ಈ ಪ್ರಕಾರ ಆಡುವವರಿಗೆ ಮೂರು ಭರವಸೆ ಕೊಡುತ್ತದೆ. ಹೆಣ ನಿಜವಲ್ಲ. ಶಂಕೆ ಎಲ್ಲರ ಮೇಲೂ ಸಮನಾಗಿ ಹಂಚಿದೆ. ಉತ್ತರ ಲಕೋಟೆಯೊಳಗೆ ಇದ್ದೇ ಇದೆ. ಮೂರರಲ್ಲಿ ಎರಡನೆಯದೇ ಆಟದ ಜೀವ. ಮೇಜಿನ ಸುತ್ತ ಕೂತವರಲ್ಲಿ ಯಾರು ಬೇಕಾದರೂ ಕೊಲೆಗಾರರಾಗಬಹುದು ಎಂಬ ನಂಬಿಕೆ ಇಲ್ಲದಿದ್ದರೆ ಮೊದಲ ಪ್ರಶ್ನೆಯನ್ನೇ ಯಾರೂ ಕೇಳಲಾರರು.

ಆದರೆ ಈ ಸಮಾನತೆ ಮೇಜಿಗೆ ಕೂತವರೊಳಗಿನ ಸಮಾನತೆ ಮಾತ್ರ. ಅಮೆರಿಕದ ಪತ್ತೇದಾರಿ ಲೇಖಕ ಎಸ್.ಎಸ್. ವ್ಯಾನ್ ಡೈನ್ 1928ರಲ್ಲಿ ಈ ಬಗೆಯ ಕಥೆಗಳಿಗೆ ಇಪ್ಪತ್ತು ನಿಯಮಗಳನ್ನು ಬರೆದ. ಮನೆಗೆಲಸದವರನ್ನು ಕೊಲೆಗಾರರನ್ನಾಗಿ ಮಾಡಕೂಡದು ಎಂಬುದು ಅವುಗಳಲ್ಲೊಂದು. ಅದು ತೀರಾ ಸುಲಭದ ಪರಿಹಾರ, ಅಪರಾಧಿ ಸಾಮಾನ್ಯವಾಗಿ ಶಂಕೆಗೆ ಒಳಗಾಗದಂಥ ಗಣ್ಯ ವ್ಯಕ್ತಿಯಾಗಿರಬೇಕು ಎಂಬುದು ಅವನು ಕೊಡುವ ಕಾರಣ. ಈ ಕಾರಣವನ್ನು ತಿರುಗಿಸಿ ಓದಿದರೆ ಒಂದು ತಪ್ಪೊಪ್ಪಿಗೆ ಸಿಗುತ್ತದೆ: ಮನೆಗೆಲಸದವರು ಹೇಗೂ ಶಂಕೆಗೆ ಒಳಗಾಗುವವರೇ, ಆದ್ದರಿಂದ ಅವರನ್ನು ಶಂಕಿಸುವುದರಲ್ಲಿ ಸ್ವಾರಸ್ಯವಿಲ್ಲ. ಕಥೆಯಲ್ಲಿ ಬಡವರನ್ನು ಹೊರಗಿಟ್ಟದ್ದು ಅವರ ಮೇಲಿನ ವಿಶ್ವಾಸದಿಂದಲ್ಲ. ಹೊರಗಿನ ಲೋಕದಲ್ಲಿ ಶಂಕೆಯೆಲ್ಲ ಅವರ ಪಾಲಿಗೇ ಹೋಗಿರುವುದರಿಂದ, ಉಳ್ಳವರು ಒಂದು ಸಂಜೆಯ ಮಟ್ಟಿಗೆ ಅದರ ರುಚಿ ನೋಡುತ್ತಾರೆ.

ಅಗಾಥಾ ಕ್ರಿಸ್ಟಿಗೆ ಇದು ಗೊತ್ತಿತ್ತು. 1950ರ ‘ಎ ಮರ್ಡರ್ ಈಸ್ ಅನೌನ್ಸ್ಡ್’ ಕಾದಂಬರಿಯಲ್ಲಿ, ಇಂಥ ಮನೆಯಲ್ಲಿ ಇಂಥ ಹೊತ್ತಿಗೆ ಕೊಲೆ ನಡೆಯಲಿದೆ ಎಂಬ ಜಾಹೀರಾತು ಸ್ಥಳೀಯ ಪತ್ರಿಕೆಯಲ್ಲಿ ಬರುತ್ತದೆ. ಆಟವಿರಬೇಕೆಂದು ನೆರೆಯವರೆಲ್ಲ ನೆಪ ಹೂಡಿಕೊಂಡು ಬರುತ್ತಾರೆ. ದೀಪ ಆರುತ್ತದೆ, ಗುಂಡು ಹಾರುತ್ತದೆ. ಸತ್ತವನು ಸ್ವಿಟ್ಜರ್ಲೆಂಡಿನಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗ. ಪರದೇಶಿ ತಾನೇ, ದರೋಡೆಗೆ ಬಂದಿರಬೇಕು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ವಿವರಣೆ. ಅಡುಗೆಮನೆಯಲ್ಲಿರುವ ನಿರಾಶ್ರಿತ ಹೆಂಗಸಿನ ಮಾತನ್ನು ಯಾರೂ ನಂಬುವುದಿಲ್ಲ. ಕೊಲೆಗಾರ ಯಾರೆಂದು ಇಲ್ಲಿ ಹೇಳಿ ಓದುವವರ ಸುಖ ಕೆಡಿಸುವುದು ಬೇಡ; ಆ ಮೊದಲ ವಿವರಣೆ ಎಷ್ಟು ಸುಳ್ಳೆಂದು ತೋರಿಸುವುದಕ್ಕೇ ಕಾದಂಬರಿ ಇದೆ ಎಂದಷ್ಟೇ ಹೇಳಬಹುದು. ಪೆಟ್ಟಿಗೆಯ ಆಟಗಳು ಕ್ರಿಸ್ಟಿಯಿಂದ ಬಂಗಲೆಯನ್ನು ತೆಗೆದುಕೊಂಡವು, ಈ ಎಚ್ಚರವನ್ನು ಬಿಟ್ಟುಬಂದವು.

ಈಗ ಆಟವನ್ನು ಹುಣಸೂರಿನ ಕಡೆಯ ಮನೆಯೊಂದಕ್ಕೆ ತರೋಣ. ಮೊದಲ ತೊಡಕು ಊಟದ್ದೇ. ಪೆಟ್ಟಿಗೆಯ ಆಟ ಎಲ್ಲರೂ ಒಂದೇ ಮೇಜಿಗೆ, ಒಂದೇ ಹೊತ್ತಿಗೆ ಕೂರುತ್ತಾರೆಂದು ಎಣಿಸುತ್ತದೆ. ನಮ್ಮಲ್ಲಿ ಗಂಡಸರದು, ಮಕ್ಕಳದು ಮೊದಲ ಪಂಕ್ತಿ. ಬಡಿಸಿದ ಹೆಂಗಸರದು ಕಡೆಯದು. ನಾಟಿಕೋಳಿ ಸಾರು, ಮುದ್ದೆಯ ಮನೆಗೆ ಬಂದು ಹಣ್ಣು, ಕಾಫಿ ಮಾತ್ರ ಮುಟ್ಟಿ ಹೋಗುವ ನೆಂಟರಲ್ಲದ ಅತಿಥಿಗಳಿದ್ದಾರೆ. ಹಿತ್ತಿಲ ಬಾಗಿಲಲ್ಲಿ ಊಟ ಹಾಕಿಸಿಕೊಳ್ಳುವ ಆಳುಗಳೂ ಇದ್ದಾರೆ. ಯಾರ ಮನೆಯಲ್ಲಿ ಯಾರು ಕೂತು ಉಣ್ಣುತ್ತಾರೆ ಎಂಬುದೇ ಇನ್ನೂ ಇತ್ಯರ್ಥವಾಗದ ಕಡೆ, ವಿಷ ಯಾರ ಎಲೆಗೆ ಬಿತ್ತು ಎಂಬ ಪ್ರಶ್ನೆ ಆಮೇಲಿನದು.

ಎರಡನೆಯ ತೊಡಕು ಭಾಷೆಯದು. ಇಂಗ್ಲಿಷಿನ ಪತ್ತೇದಾರ ಲಾರ್ಡನಿಗೂ ಮಾಲಿಗೂ ‘ಯೂ’ ಎನ್ನುತ್ತಾನೆ. ಕನ್ನಡದಲ್ಲಿ ಹಾಗೆ ಬಾಯಿ ತೆರೆಯುವಂತಿಲ್ಲ. ಕೆ.ಆರ್. ನಗರದ ಅಕ್ಕಿ ಗಿರಣಿಯ ಯಜಮಾನರ ಪಾತ್ರಧಾರಿಗೆ “ಸ್ವಾಮಿ, ಆವತ್ತು ರಾತ್ರಿ ತಾವು ಎಲ್ಲಿದ್ರಿ?” ಎನ್ನಬೇಕು. ಗಿರಣಿಯ ಹಮಾಲಿಗೆ “ಏನ್ಲಾ, ರಾತ್ರಿ ಎಲ್ಗೋಗಿದ್ದೆ?” ಎಂದರೆ ಸಾಕು. ಮೊದಲನೆಯದು ವಿಚಾರಣೆ, ಎರಡನೆಯದು ಅರ್ಧ ತೀರ್ಪು. ಭಾವನವರಿಗೆ, ಸೋದರಮಾವನಿಗೆ ಆ ಪ್ರಶ್ನೆ ಕೇಳುವುದೇ ಅಪಚಾರ. ಶಂಕೆ ಎಲ್ಲರ ಮೇಲೂ ಸಮನಾಗಿದೆ ಎಂಬ ಭರವಸೆ ನಮ್ಮಲ್ಲಿ ಕ್ರಿಯಾಪದದ ಕೊನೆಯಲ್ಲೇ ಮುರಿದು ಬೀಳುತ್ತದೆ.

ಹಾಗೆಂದು ಪಾತ್ರ ಹಾಕುವುದು ಈ ಸೀಮೆಗೆ ಹೊಸದಲ್ಲ. ಹಬ್ಬ ಜಾತ್ರೆಗಳಲ್ಲಿ ಊರಿನವರೇ ಸೇರಿ ‘ಕುರುಕ್ಷೇತ್ರ’ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಂದಪದ್ಯ ಕಲಿಯುತ್ತಾರೆ. ದುರ್ಯೋಧನನ ಪಾತ್ರ ಬೇಕಾದವರು ಹೆಚ್ಚು ಹಣ ಕಟ್ಟಿ ಪಡೆಯುತ್ತಾರೆ. ಅಲ್ಲಿ ಯಾರು ಯಾರನ್ನು ಕೊಲ್ಲುತ್ತಾರೆಂದು ಮುಂದೆ ಕೂತ ಮಗುವಿಗೂ ಗೊತ್ತು. ಹಾಗಿದ್ದೂ ಜನ ಬೆಳಗಿನವರೆಗೆ ಕೂರುವುದು, ಕೊಲ್ಲುವವನಿಗೆ ಆಗ ಏನಾಗುತ್ತದೆ ಎಂದು ನೋಡಲು. ನಮ್ಮ ಕಥನದ ಹಳೆಯ ಕುತೂಹಲ ‘ಯಾರು’ ಎಂಬುದಕ್ಕಿಂತ ‘ಆಮೇಲೆ’ ಎಂಬುದರದು.

ಇದಕ್ಕೆ ಕನ್ನಡದ ಅತ್ಯುತ್ತಮ ಸಾಕ್ಷಿ ಜನ್ನನ ‘ಯಶೋಧರ ಚರಿತೆ’. 1209ರ ಈ ಕಾವ್ಯದಲ್ಲೂ ಊಟದ ಕೊಲೆಯೊಂದಿದೆ: ರಾಣಿ ಅಮೃತಮತಿ ಗಂಡನಿಗೂ ಅತ್ತೆಗೂ ವಿಷ ಬೆರೆಸಿದ ಊಟವಿಟ್ಟು ಕೊಲ್ಲುತ್ತಾಳೆ. ಪತ್ತೇದಾರಿಕೆಗೆ ಬೇಕಾದ್ದೆಲ್ಲ ಅಲ್ಲಿದೆ. ಅರಮನೆ, ಗುಪ್ತ ಪ್ರಣಯ, ರಾತ್ರಿ ಹಿಂಬಾಲಿಸಿ ಹೋಗಿ ಕಂಡದ್ದನ್ನು ನುಂಗಿಕೊಂಡ ಗಂಡ, ವಿಷ. ಜನ್ನ ಇದರಲ್ಲಿ ಯಾವ ಗುಟ್ಟನ್ನೂ ಉಳಿಸುವುದಿಲ್ಲ, ಕೊಲೆಯನ್ನು ಬೇಗ ಮುಗಿಸಿಬಿಡುತ್ತಾನೆ. ಅವನ ಕಾವ್ಯದ ಭಾರವೆಲ್ಲ ಬೀಳುವುದು ಅದಕ್ಕೂ ಮುಂಚೆ ನಡೆದ ಒಂದು ಸುಳ್ಳು ಕೊಲೆಯ ಮೇಲೆ. ಕೆಟ್ಟ ಕನಸಿನ ಶಾಂತಿಗೆ ಪ್ರಾಣಿಬಲಿ ಕೊಡು ಎಂದು ತಾಯಿ ಕೇಳುತ್ತಾಳೆ. ಮಗ ಒಲ್ಲೆನೆನ್ನುತ್ತಾನೆ. ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯುವುದೆಂದು ರಾಜಿಯಾಗುತ್ತದೆ. ಕತ್ತಿ ಬಿದ್ದಾಗ ಆ ಕೋಳಿ ಕೂಗುತ್ತದೆ. ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುವುದು ಆ ಹಿಟ್ಟಿನ ಕೋಳಿಯ ದೆಸೆಯಿಂದ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕಕ್ಕೆ ಮತ್ತೆ ಎತ್ತಿಕೊಂಡದ್ದೂ ಈ ಕೂಗನ್ನೇ.

ಕೊಲೆಯಾಟದ ಊಟವೂ ಒಂದು ಹಿಟ್ಟಿನ ಕೋಳಿ. ರಕ್ತವಿಲ್ಲ, ಯಾರೂ ಸಾಯುವುದಿಲ್ಲ, ಸಂಕಲ್ಪ ಮಾತ್ರ ಇದೆ. ಆಡುವವರು ಕೊಲೆಗಡುಕರಾಗುತ್ತಾರೆ ಎಂದು ಹೆದರಬೇಕಿಲ್ಲ. ಅವರು ಅಲ್ಲಿ ಅಭ್ಯಾಸ ಮಾಡುವುದು ಕೊಲೆಯನ್ನಲ್ಲ, ಶಂಕೆಯನ್ನು. ಮುಖ ನೋಡಿ ಊಹಿಸುವುದು, ಸಣ್ಣ ಸುಳಿವಿಗೆ ದೊಡ್ಡ ಕಥೆ ಕಟ್ಟುವುದು, ಕಥೆ ಕೂಡಿಬಂದರೆ ಅದನ್ನೇ ನಿಜವೆನ್ನುವುದು. ಜನ್ನನ ಪ್ರಶ್ನೆಯನ್ನು ಇಲ್ಲಿಗೆ ತಂದರೆ ಹೀಗಾಗುತ್ತದೆ: ಈ ಕೋಳಿ ಎಲ್ಲಿ ಕೂಗುತ್ತದೆ?

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಅದು ಕೂಗಿದೆ. ಬೆಟ್ಟದಪುರ ಪೊಲೀಸ್ ಠಾಣೆಯ ಸರಹದ್ದಿನಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಅಸ್ಥಿಪಂಜರ ಸಿಕ್ಕಿತು. ಅದೇ ಸುಮಾರಿಗೆ ಪಕ್ಕದ ಕೊಡಗಿನ ಒಬ್ಬ ಆದಿವಾಸಿ, ಹೆಂಡತಿ ಕಾಣೆಯಾಗಿದ್ದಾಳೆಂದು ತಾನೇ ಠಾಣೆಗೆ ದೂರು ಕೊಟ್ಟಿದ್ದ. ಎರಡನ್ನೂ ಜೋಡಿಸಿದರೆ ಕಥೆ ಚೆನ್ನಾಗಿ ಕೂಡಿಬಂತು: ಹೆಂಡತಿಯನ್ನು ಕೊಂದು, ದೂರಿನ ನಾಟಕವಾಡಿದ ಗಂಡ. ಅವನ ಮೇಲೆ ಕೊಲೆಯ ಆರೋಪಪಟ್ಟಿ ಹೋಯಿತು. ವರ್ಷಕ್ಕೂ ಹೆಚ್ಚು ಕಾಲ ಅವನು ಜೈಲಿನಲ್ಲಿದ್ದ. ಡಿಎನ್‌ಎ ಪರೀಕ್ಷೆಯಲ್ಲಿ ಆ ಮೂಳೆ ಹೆಂಡತಿಯದೆಂಬುದು ಹೊಂದಲಿಲ್ಲ. 2025ರ ಏಪ್ರಿಲಿನಲ್ಲಿ ಆ ಹೆಂಗಸು ಮಡಿಕೇರಿಯ ಹೋಟೆಲೊಂದರಲ್ಲಿ ಗುರುತಿನವರ ಕಣ್ಣಿಗೆ ಜೀವಂತವಾಗಿ ಬಿದ್ದರು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಗಂಡನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿ, ಅವನಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಹಾಗಾದರೆ ಮಣ್ಣಾಗಿದ್ದ ಆ ಮೂಳೆ ಯಾರದು ಎಂಬ ಪ್ರಶ್ನೆ ಆಗ ಹೊಸದಾಗಿ ಎದ್ದು ನಿಂತಿತು.

ಪೆಟ್ಟಿಗೆಯ ಆಟದ ಮೂರೂ ಭರವಸೆಗಳು ಇಲ್ಲಿ ತಲೆಕೆಳಗಾಗಿವೆ. ಹೆಣ ನಿಜವಾಗಿತ್ತು, ಆದರೆ ಬೇರೆಯವರದು. ಶಂಕೆ ಹಂಚಿಕೆಯಾಗಲಿಲ್ಲ, ಇಡಿಯಾಗಿ ಒಬ್ಬ ಬಡವನ ಮೇಲೆ ಬಿತ್ತು. ಉತ್ತರ ಯಾವ ಲಕೋಟೆಯಲ್ಲೂ ಇರಲಿಲ್ಲ, ನಡೆದುಕೊಂಡು ಬರಬೇಕಾಯಿತು. ವ್ಯಾನ್ ಡೈನ್ ಸ್ವಾರಸ್ಯವಿಲ್ಲವೆಂದು ಕಥೆಯಿಂದ ಹೊರಗಿಟ್ಟವನು ಠಾಣೆಯ ಕಡತದಲ್ಲಿ ಮೊದಲ ಪುಟದಲ್ಲೇ ಇದ್ದ.

ಕನ್ನಡದ ಪತ್ತೇದಾರಿ ಬರಹ ಇದನ್ನು ಕಂಡಿಲ್ಲವೆಂದಲ್ಲ. ‘ಪತ್ತೇದಾರ ಪುರುಷೋತ್ತಮ’ನನ್ನು ಕೊಟ್ಟ ಎನ್. ನರಸಿಂಹಯ್ಯನವರು ಐನೂರರಷ್ಟು ಕಾದಂಬರಿ ಬರೆದು, ಹೊಸದಾಗಿ ಓದು ಕಲಿತ ಒಂದು ತಲೆಮಾರಿಗೆ ಪುಸ್ತಕದ ಹುಚ್ಚು ಹಿಡಿಸಿದರು. ಅವರ ಲೋಕದಲ್ಲಿ ಪತ್ತೇದಾರ ಬಂದನೆಂದರೆ ಲಕೋಟೆ ತೆರೆಯುವುದು ಖಚಿತ. ಆ ಖಚಿತತೆಯನ್ನು ಕಳಚಿದವರು ಪೂರ್ಣಚಂದ್ರ ತೇಜಸ್ವಿ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದಲ್ಲಿ ತನಿಖೆಗೆಂದು ಅಂಗಡಿ ಎಂಬ ಅಧಿಕಾರಿ ಕೆಸರೂರಿಗೆ ಬರುತ್ತಾನೆ. ವಿಜ್ಞಾನಿಯೊಬ್ಬನ ಸಾವಿನ ಹಿಂದೆ ಏನಿದೆಯೆಂದು ಹುಡುಕುತ್ತ ಹೋದಂತೆ ಜಾತಿ, ಏಲಕ್ಕಿ, ಕಾಡುಗಳ್ಳತನ, ಕೋಮುದ್ವೇಷ ಎಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಕೊನೆಗೆ ಬರುವುದು ಉತ್ತರವಲ್ಲ, ಬೆಂಕಿ. ಊರೇ ಒಬ್ಬರನ್ನೊಬ್ಬರು ಶಂಕಿಸತೊಡಗಿದರೆ ಪತ್ತೆಯಾಗಬೇಕಾದ್ದು ಕೊಲೆಗಾರನೊಬ್ಬನೇ ಅಲ್ಲ ಎಂಬುದು ಆ ಕಾದಂಬರಿಯ ಕಾಣ್ಕೆ.

ಹಾಗಾದರೆ ಈ ಆಟ ನಮಗೆ ಬೇಡವೇ? ಬೇಕು ಎಂಬುದೇ ನನ್ನ ವಾದ. ಆದರೆ ಪೆಟ್ಟಿಗೆಯದ್ದಲ್ಲ, ನಾವೇ ಬರೆದದ್ದು. ಈ ನಾಲ್ಕು ತಾಲ್ಲೂಕುಗಳಲ್ಲಿ ಸುಳಿವುಗಳಿಗೆ ಬರವಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ನನ್ನೇ ನೋಡಿ. ಸೊಪ್ಪು ಹದವಾಗಲು ಐದಾರು ದಿನ ಬೇಕು, ರಾತ್ರಿಯೂ ಒಬ್ಬರು ಎದ್ದು ಕೂತು ಸೌದೆ ಒಟ್ಟಿ ಶಾಖ ನೋಡುತ್ತಿರಬೇಕು. ಕಾವಲಿದ್ದವನು ಎರಡು ತಾಸು ಎಲ್ಲಾದರೂ ಹೋಗಿದ್ದರೆ ಸೊಪ್ಪಿನ ಬಣ್ಣವೇ ಮಾರನೆಯ ದಿನ ಹೇಳುತ್ತದೆ. ಸೊಪ್ಪು ಚಿನ್ನದ ಬಣ್ಣಕ್ಕೆ ಬಂದಿದ್ದರೆ, ಊರೆಲ್ಲ ಶಂಕಿಸಿದ ಆ ಕೂಲಿಯಾಳು ಇಡೀ ರಾತ್ರಿ ಕದಲಿಲ್ಲವೆಂದು ಅದೇ ಸಾಕ್ಷಿ. ಲಂಡನ್ನಿನ ಪತ್ತೇದಾರನಿಗೆ ಹೊಳೆಯದ, ಇಲ್ಲಿನ ಯಾವ ರೈತ ಹೆಣ್ಣುಮಗಳಿಗೂ ಹೊಳೆಯುವ ಸುಳಿವಿದು. ಎಚ್.ಡಿ. ಕೋಟೆಯ ಹಾಡಿಯಿಂದ ಕೊಡಗಿನ ಕಾಫಿ ತೋಟಕ್ಕೆ ಜೀಪಿನಲ್ಲಿ ಕೂಲಿಗೆ ಹೋಗಿಬರುವವರ ದಾರಿ, ಹರಾಜು ಕಟ್ಟೆಯ ಚೀಟಿ, ಕೈಸಾಲದ ಪುಸ್ತಕ, ಕರೆಂಟು ಹೋದ ಹೊತ್ತು ಎಲ್ಲವೂ ಕಥೆಗೆ ಒದಗುತ್ತವೆ.

ಬರೆಯುವಾಗ ಮೂರು ನಿಯಮ ಇಟ್ಟುಕೊಳ್ಳಬಹುದು. ಮೊದಲನೆಯದು, ಅಡುಗೆ ಮಾಡಿದವರೂ ಬಡಿಸಿದವರೂ ಪಂಕ್ತಿಯಲ್ಲಿ ಕೂರಬೇಕು. ಅವರಿಗೂ ಚೀಟಿ, ಅವರಿಗೂ ಪ್ರಶ್ನೆ ಕೇಳುವ ಹಕ್ಕು. ಎರಡನೆಯದು, ಆ ರಾತ್ರಿಯ ಮಟ್ಟಿಗೆ ಎಲ್ಲರೂ ಎಲ್ಲರಿಗೂ ಬಹುವಚನವನ್ನೇ ಬಳಸಬೇಕು. ಆಳಿನ ಪಾತ್ರಕ್ಕೆ “ನೀವು ಎಲ್ಲಿದ್ರಿ?” ಎಂದು ಕೇಳಿ ನೋಡಿ, ಪ್ರಶ್ನೆಯ ದಿಕ್ಕೇ ಬದಲಾಗುತ್ತದೆ. ಮೂರನೆಯದು ಕಷ್ಟದ್ದು. ಲಕೋಟೆ ಒಡೆದ ಮೇಲೆ ಪೆಟ್ಟಿಗೆಯ ಆಟ ಚಪ್ಪಾಳೆಯಲ್ಲಿ ಮುಗಿಯುತ್ತದೆ, ತಪ್ಪು ಹೆಸರು ಹೇಳಿದವರು ನಕ್ಕು ಕೈತೊಳೆಯಲು ಏಳುತ್ತಾರೆ. ನಮ್ಮ ಆಟದಲ್ಲಿ ಅಲ್ಲಿಂದ ಮುಂದೆ ಇನ್ನೊಂದು ಅಂಕ ಇರಬೇಕು. ಯಾರು ಯಾರ ಮೇಲೆ ಸುಳ್ಳು ಆರೋಪ ಹೊರಿಸಿದರೋ ಅವರು ಎದ್ದುನಿಂತು, ನಿಮ್ಮ ಮೇಲೆ ನನಗೆ ಶಂಕೆ ಬಂದದ್ದು ಇಂಥ ಕಾರಣಕ್ಕೆ ಎಂದು ಆ ವ್ಯಕ್ತಿಯ ಮುಖ ನೋಡಿ ಹೇಳಬೇಕು. ಹೇಳಲಾಗದ ಕಾರಣಗಳು ಅಲ್ಲಿ ಎಷ್ಟು ಬರುತ್ತವೆಂದು ಎಣಿಸಿಕೊಳ್ಳುವುದೇ ಆ ರಾತ್ರಿಯ ನಿಜವಾದ ಪತ್ತೇದಾರಿಕೆ.